ಹನ್ನೆರಡು ಮೊಳದ ದಾರಿ

ಈ ಆಶ್ರಮ ಯಾವ ಊರಿನದು ಅಂತ ನನ್ನನ್ನು ಕೇಳಬೇಡಿ. ನನಗೆ ಹೇಳಿದವರಿಗೂ ಗೊತ್ತಿರಲಿಲ್ಲ. ಒಂದು ಹೊಳೆ ಇತ್ತಂತೆ. ಬೆಳಗಿನ ಹೊತ್ತು ದಂಡೆಯ ತುಂಬ ಮಂಜು. ಮಂಜಿನೊಳಗೆ ಒಂದು ಬೇವಿನ ಮರ, ಮೂರು ಮೆಟ್ಟಿಲು, ಒಂದು ಬಾಗಿಲು. ಅಷ್ಟೇ ಕಾಣುತ್ತಿತ್ತಂತೆ.

ಅಲ್ಲಿ ಪೂಜೆ ಪುನಸ್ಕಾರ ಇರಲಿಲ್ಲ. ಇದ್ದದ್ದು ಒಂದೇ ಪದ್ಧತಿ. ಬಂದವರು ಬಾಗಿಲಲ್ಲಿ ಎರಡೂ ಕೈ ಮುಗಿದು "ನಾ ಬಂದೀನಿ" ಅನ್ನಬೇಕು. ಒಳಗೆ ಕೂತ ಹಾಲಯ್ಯಜ್ಜ ಕಣ್ಣು ಮುಚ್ಚಿಕೊಂಡೇ "ಬಾ" ಅನ್ನುತ್ತಿದ್ದರು. ಆ ಒಂದು ಮಾತು ಕೇಳಲಿಕ್ಕೆ ಜನ ಎಲ್ಲೆಲ್ಲಿಂದಲೋ ನಡೆದು ಬರುತ್ತಿದ್ದರು.

ಅಜ್ಜ ಮಾತ್ರ ಯಾವಾಗಲೂ ಒಳಗೇ.

ಒಂದು ಅಮಾವಾಸ್ಯೆಯ ಬೆಳಿಗ್ಗೆ ಹಳೆ ಬಟ್ಟೆಯ ಕೌದಿ ಹೊಲಿಯುವ ನೀಲಗಂಗವ್ವ ಬಂದಳು. ಜ್ವರ ಬಂದು ಕಾಲಿನ ಬಲ ಹೋಗಿ ಎರಡು ವರ್ಷವಾಗಿತ್ತು. ಗಾಲಿಕುರ್ಚಿಯನ್ನು ತಾನೇ ನೂಕಿಕೊಂಡು ಊರಿಂದ ಅಷ್ಟು ದೂರ ಬಂದಿದ್ದಳು. ಅಂಗೈಯಲ್ಲಿ ಬೊಬ್ಬೆ ಎದ್ದಿದ್ದವು. ಮೆಟ್ಟಿಲ ಮುಂದೆ ಬಂದು ಕುರ್ಚಿ ನಿಲ್ಲಿಸಿದಳು. ಸುಮಾರು ಹೊತ್ತು ಅವುಗಳನ್ನೇ ನೋಡುತ್ತಾ ಕೂತಳು.

ಅಜ್ಜನ ಶಿಷ್ಯ ಕಲ್ಲಿನಾಥ ನೋಡಿದ. ಗಟ್ಟಿ ಆಳು, ಮನಸ್ಸೂ ಒಳ್ಳೆಯದು, ತಾಳ್ಮೆ ಮಾತ್ರ ಇಲ್ಲ. ಇನ್ನೂ ಮೂರು ಮಂದಿಯನ್ನು ಕೂಗಿದ. ನಾಲ್ವರೂ ಕುರ್ಚಿ ಸಮೇತ ಅವಳನ್ನು ಎತ್ತಿ ಒಳಗೆ ತಂದು ಇಟ್ಟರು.

"ಭಪ್ಪರೆ! ಸೇವೆ ಅಂದ್ರ ಇದು!" ಅಂದರು ಜನ.

ನೀಲಗಂಗವ್ವ ತಲೆ ಎತ್ತಲಿಲ್ಲ. ಅಜ್ಜ "ಬಾ" ಅನ್ನಲಿಲ್ಲ.

ಹೋಗುವಾಗ ಅವಳು ಕಲ್ಲಿನಾಥನಿಗೆ ಹೇಳಿದಳು, "ನಾಕು ಮಂದಿ ಹೊರೂದು ಒಮ್ಮೆ ಸಾಕಪಾ. ಅದು ಕಡೀಗೆ. ಇನ್ನ ನಾ ಇಲ್ಲಿ ಬರೂದಿಲ್ಲ."

ಅವನಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಸೀದಾ ಅಜ್ಜನ ಹತ್ತಿರ ಹೋದ.

"ಅಜ್ಜಾರ, ಆಕೀಗೆ ಯಾಕ 'ಬಾ' ಅನಲಿಲ್ಲ?"

"ಆಕಿ ಬಂದೇ ಇಲ್ಲಲ್ಲೋ."

"ನಾನ ಹೊತ್ತು ತಂದೀನ್ರಿ!"

"ಹೌದು, ತಂದಿ. ಸೌದಿ ತಂದಂಗ ತಂದಿ." ಅಜ್ಜ ಕಣ್ಣು ತೆರೆದರು. "ಹುಣ್ಣಿಮೀಗೆ ಮತ್ತ ಮಂದಿ ಕೂಡ್ತೈತಿ. ಅಷ್ಟರಾಗ ಆಕಿ ಬರೂ ಹಂಗ ಮಾಡು. ಅಲ್ಲೀತನಕ ನಾ ಯಾರಿಗೂ 'ಬಾ' ಅನ್ನಂಗಿಲ್ಲ."

"ಆಕಿ ಬರಲೇ ಇಲ್ಲಂದ್ರ?"

ಅಜ್ಜ ಕಣ್ಣು ಮುಚ್ಚಿಕೊಂಡರು.

ಮರುದಿನದಿಂದ ಜನ ಬಂದರು, ಕೈ ಮುಗಿದರು, "ನಾ ಬಂದೀನಿ" ಅಂದರು. ಒಳಗಿನಿಂದ ಏನೂ ಕೇಳಲಿಲ್ಲ. ಹೊಳೆಯ ಸದ್ದು ಮಾತ್ರ. ಒಬ್ಬ ಮುದುಕ ಬಾಗಿಲಲ್ಲೇ ಕೂತು ಮಗುವಿನ ಹಾಗೆ ಅತ್ತ.

ಕಲ್ಲಿನಾಥ ಅವಸರಕ್ಕೆ ಬಿದ್ದ. ಹಿತ್ತಿಲಲ್ಲಿ ಸೌದೆ ತರುವ ಬಾಗಿಲಿಗೆ ಒಂದೇ ಮೆಟ್ಟಿಲು. ಅದರ ಮೇಲೆ ಹಲಗೆ ಹಾಸಿ ಇಳಿಜಾರು ಮಾಡಿದ. ಕೆಲಸ ಮುಗಿಯಿತು ಅಂದುಕೊಂಡ.

ಊಟದ ಹೊತ್ತಿಗೆ ನೋಡಿದರೆ ಅಜ್ಜ ಗದ್ದುಗೆಯಲ್ಲಿಲ್ಲ. ಹಿತ್ತಿಲಲ್ಲಿ ಸೌದೆಯ ರಾಶಿಯ ನಡುವೆ ಕೂತಿದ್ದರು.

"ಅಯ್ಯ, ಇಲ್ಲೇನು ಮಾಡಾಕತ್ತೀರಿ ಅಜ್ಜಾರ?"

"ಆಕಿ ಬರೂ ಬಾಗಿಲು ಇದಽ ಹೌದಲ್ಲೋ? ನಾನೂ ಇಲ್ಲೇ ಕುಂತು ಕಾಯ್ತೀನಿ."

ಕಲ್ಲಿನಾಥ ಹಲಗೆ ಕಿತ್ತ.

ಮುಂದಿನ ಬಾಗಿಲಿಗೇ, ಮೆಟ್ಟಿಲ ಪಕ್ಕದಲ್ಲಿ, ಮಣ್ಣು, ಕಲ್ಲು ಹೊತ್ತು ಹಾಕಿದ. ಮೂರು ದಿನ ದುಡಿದು ಇಳಿಜಾರು ಮಾಡಿದ. ಬೇವಿನ ಮರ ಅಡ್ಡ ಬರುತ್ತಿತ್ತು, ಅದಕ್ಕೇ ಇಳಿಜಾರನ್ನು ಮರದ ಈಚೆಗೇ ಮುಗಿಸಿದ; ಗಿಡ್ಡವಾಯಿತು, ಕಡಿದೂ ಆಯಿತು.

ಅಜ್ಜ ಎಲ್ಲಿಂದಲೋ ಒಂದು ಹಳೆಯ ಗಾಲಿಕುರ್ಚಿ ತರಿಸಿದರು. ಶಿಷ್ಯನನ್ನು ಕೂರಿಸಿ, ತಮ್ಮ ಶಾಲಿನಿಂದ ಅವನ ಕಾಲು ಕಟ್ಟಿದರು.

"ಈಗ ಬಾಗಿಲಿಗೆ ಬಾ," ಅಂದು ಒಳಗೆ ಹೋಗಿ ಕೂತರು.

ಎರಡು ಮೂಟೆ ಜೋಳ ಒಟ್ಟಿಗೆ ಹೊರುವ ಕಲ್ಲಿನಾಥ ಅರ್ಧ ದಾರಿಗೇ ಏದುಸಿರು ಬಿಟ್ಟ. ಹೇಗೋ ಬಾಗಿಲು ಮುಟ್ಟಿದ.

"ಬಂದ್ರ ಹೇಳಬೇಕಲ್ಲೋ," ಒಳಗಿನಿಂದ ಅಜ್ಜ.

ಅವನು ಗಾಲಿ ಬಿಟ್ಟು ಎರಡೂ ಕೈ ಮುಗಿದ. "ನಾ ಬಂ..."

ಕುರ್ಚಿ ಹಿಂದಕ್ಕೆ ಉರುಳಿತು. ಇಳಿಜಾರು ದಾಟಿ, ಮರ ದಾಟಿ, ಹೊಳೆಯ ಉಸುಕಿನಲ್ಲಿ ಅವನನ್ನು ಮಗುಚಿ ಹಾಕಿತು.

ಅವನು ಅಲ್ಲೇ ಅಂಗಾತ ಬಿದ್ದುಕೊಂಡ. ಮೇಲೆ ಮಂಜು ನಿಧಾನಕ್ಕೆ ಸರಿಯುತ್ತಿತ್ತು. ಕಾಲು ಕಟ್ಟಿತ್ತು. ಬಾಗಿಲು ಒಮ್ಮೆ ಕಾಣುತ್ತಿತ್ತು, ಒಮ್ಮೆ ಇಲ್ಲ. ದಿನಕ್ಕೆ ಹತ್ತು ಸಲ ಮೆಟ್ಟಿಲು ಹಾರಿ ಮುಟ್ಟುತ್ತಿದ್ದ ಬಾಗಿಲು ಇಷ್ಟು ದೂರ ಇತ್ತೇ ಅನ್ನಿಸಿ ಅವನಿಗೆ ಅಳು ಬಂತು.

ಅಜ್ಜ ನಗುತ್ತಾ ಬಾಗಿಲಿಗೆ ಬಂದರು.

"ಎಷ್ಟು ಉದ್ದ ಮಾಡ್ಲಿ, ನೀವ ಹೇಳ್ರಿ ಅಜ್ಜಾರ," ಅಂದ ಬಿದ್ದಲ್ಲಿಂದಲೇ.

"ನನ್ನ ಯಾಕ ಕೇಳ್ತಿ? ದಿನಾ ಕುರ್ಚ್ಯಾಗ ಕೂಡಾಕಿನ್ನ ಕೇಳು."

ಕಲ್ಲಿನಾಥ ಹೋದಾಗ ನೀಲಗಂಗವ್ವ ಮನೆಯಲ್ಲಿ ಕೌದಿ ಹೊಲಿಯುತ್ತಿದ್ದಳು. ಅವನನ್ನು ನೋಡಿಯೂ ಸೂಜಿ ನಿಲ್ಲಿಸಲಿಲ್ಲ.

"ತಪ್ಪಾತವ್ವಾ," ಅಂದ ಕಲ್ಲಿನಾಥ. "ಹೊರೂ ಮುಂಚೆ ನಿನ್ನ ಒಂದು ಮಾತು ಕೇಳಬೇಕಿತ್ತು. ಈಗ ಕೇಳ್ತೀನಿ. ದಾರಿ ಹೆಂಗಿರಬೇಕು?"

ಅವಳು ಒಂದು ಮೊಳ ದಾರ ಹರಿದಳು. "ನಿಮ್ಮ ಮೂರು ಮೆಟ್ಟಿಲು ಇಷ್ಟು ಎತ್ತರ."

"ನೀ ಯಾವಾಗ ಅಳದಿ?"

"ಅವುಗಳ ಮುಂದ ಕುಂತು ನೋಡೀನಲ್ಲ, ಅವತ್ತು." ದಾರವನ್ನು ಅವನ ಕೈಗಿಟ್ಟಳು. "ಇಂಥಾವು ಹನ್ನೆರಡು ಉದ್ದ ಇರಲಿ. ಮರ ಅಡ್ಡ ಬಂದ್ರ ಮರ ಸುತ್ತಿ ಬರಲಿ, ನನಗೇನು ಅವಸರಿಲ್ಲ. ನಡುವ ಒಂದಿಷ್ಟು ಸಪಾಟು ಬಿಡು, ದಣಿವಾರಿಸ್ಕೊಳ್ಳಾಕ. ಮ್ಯಾಲೊಂದು ಸಪಾಟು, ಕೈ ಮುಗಿಯಾಕ. ಕಲ್ಲು ನುಣುಪು ಮಾಡಬ್ಯಾಡ, ಜಾರ್ತೈತಿ. ಮತ್ತ ಹೊಸ್ತಿಲಾ ನೆಲಕ್ಕ ಇಳಸು."

"ಹೊಸ್ತಿಲಾ?" ಕಲ್ಲಿನಾಥ ಗಾಬರಿಯಾದ.

"ಯಾಕ, ಅದಕ್ಕೇನು ಸೊಕ್ಕೇನು?"

ಅವನಿಗೆ ನಗು ಬಂತು. ಅವಳು ನಗಲಿಲ್ಲ.

"ಬರ್ತೀ ಏನವ್ವಾ?"

"ಮೊದಲ ಕಟ್ಟು. ನೋಡೂಣು."

ಹುಣ್ಣಿಮೆಯ ಬೆಳಿಗ್ಗೆ ಅಂಗಳದ ಕಸ ಕೂಡ ಕಾಣದಷ್ಟು ಮಂಜು. ಒಳಗೆ ಜನ ಬಾಗಿಲನ್ನೇ ನೋಡುತ್ತಾ ಕೂತಿದ್ದರು. ಅವಳ ದಾರದಿಂದಲೇ ಅಳೆದು ಕಟ್ಟಿದ ಹೊಸ ದಾರಿಯ ಬುಡದಲ್ಲಿ ಕಲ್ಲಿನಾಥ ನಿಂತಿದ್ದ. ಹೊತ್ತೇರಿದರೂ ಮಂಜು ಕರಗಲಿಲ್ಲ, ಯಾರೂ ಬರಲಿಲ್ಲ. ಬರುವುದಿಲ್ಲ, ಇನ್ನು ಬರುವುದಿಲ್ಲ ಅಂದುಕೊಂಡ.

ಆಗ ಒರಟು ಕಲ್ಲಿನ ಮೇಲೆ ಗಾಲಿಯ ಸದ್ದು ಕೇಳಿಸಿತು.

ಅವಳು ಅವನನ್ನು ದಾಟಿ ಹೋದಳು. ನೂಕಲಿಕ್ಕೆ ಅವನ ಕೈ ತುರಿಸಿತು. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಬೇವಿನ ಮರ ಸುತ್ತುವಲ್ಲಿ ಅವಳು ನಿಂತಳು. ಅವನು ಒಂದು ಹೆಜ್ಜೆ ಮುಂದಿಟ್ಟ.

"ಅಲ್ಲೇ ನಿಲ್ಲಪಾ," ಅಂದಳು ತಿರುಗದೆ. "ದಣಿವಾರಿಸ್ಕೊಳ್ಳಾಕತ್ತೀನಿ. ಅದಕ್ಕಽ ಕಟ್ಟೀದಿ ಹೌದಲ್ಲೋ?"

ಮತ್ತೆ ಗಾಲಿ ತಿರುಗಿದವು. ಮೇಲಿನ ಸಪಾಟಿಗೆ ಬಂದಳು. ಗಾಲಿ ಬಿಟ್ಟು ಎರಡೂ ಕೈ ಮುಗಿದಳು. ಕುರ್ಚಿ ಅಲುಗಲಿಲ್ಲ.

"ಅಜ್ಜಾರ, ನಾ ಬಂದೀನಿ."

"ಬಾರವ್ವಾ."

ಎರಡು ವಾರದಿಂದ ಆ ಮಾತಿಗೆ ಕಾದಿದ್ದ ಜನ ಬಿಕ್ಕಿ ಬಿಕ್ಕಿ ಅತ್ತರು. ನೀಲಗಂಗವ್ವ ನೆಲಕ್ಕಿಳಿದ ಹೊಸ್ತಿಲು ದಾಟಿ ಒಳಗೆ ಬಂದು, ಎಲ್ಲರ ನಡುವೆ ತನಗೆ ಬೇಕಾದಲ್ಲಿ ಕುರ್ಚಿ ನಿಲ್ಲಿಸಿದಳು.

ಅಜ್ಜ ಮಾತು ಶುರು ಮಾಡುತ್ತಾರೆ ಅಂತ ಎಲ್ಲರೂ ಕಾದರು. ಅಜ್ಜ ಎದ್ದರು. ಕೋಲು ಊರಿಕೊಂಡು ಹೊರಗೆ ಹೋದರು. ಮಂಜಿನಲ್ಲಿ ಅವರು ಕಾಣಲಿಲ್ಲ, ಕೋಲಿನ ಸದ್ದು ಮಾತ್ರ ಕೇಳಿಸಿತು. ಮೂರು ಮೆಟ್ಟಿಲು ಇಳಿಯಿತು. ಆಮೇಲೆ ದಾರಿಯ ಬುಡದಿಂದ ನಿಧಾನಕ್ಕೆ ಏರುತ್ತಾ ಬಂತು. ಬೇವಿನ ಮರದ ಹತ್ತಿರ ಸುಮಾರು ಹೊತ್ತು ನಿಂತಿತು.

ಕಡೆಗೆ ಅಜ್ಜ ಬಾಗಿಲಿಗೆ ಬಂದರು. ಕೋಲನ್ನು ಗೋಡೆಗೆ ಒರಗಿಸಿದರು. ನೀಲಗಂಗವ್ವನ ಕಡೆ ನೋಡಿ ಎರಡೂ ಕೈ ಮುಗಿದರು.

"ಇಷ್ಟು ವರ್ಷ ಒಳಗ ಕುಂತು ಆ ಮೆಟ್ಟಿಲಾ ನೋಡಲೇ ಇಲ್ಲವ್ವಾ. ಇವತ್ತ ನಾ ಬಂದೀನಿ."