ತೆಳು ಎಣ್ಣೆ

“ಗುರುಗಳೇ, ಮೆತ್ತಗಿರುವುದು ತಪ್ಪೇ?” ಎಂದು ಮರುಳಯ್ಯ ಕೇಳಿದ. ಅವನು ಮಠದಲ್ಲಿ ರೋಗಿಗಳ ಆರೈಕೆ ಮಾಡುವ ಶಿಷ್ಯ. “ಎಲ್ಲರೊಡನೆ ಮೃದುವಾಗಿಯೇ ಇದ್ದೆ. ನಿನ್ನೆ ಒಬ್ಬ ಮುದುಕರು ಗಂಜಿ ಬೇಡವೆಂದು ತಟ್ಟೆ ನೂಕಿದಾಗ ಕೂಗಾಡಿಬಿಟ್ಟೆ. ಇನ್ನು ಮೇಲೆ ಬಿಗಿಯಾಗಿ ಇದ್ದುಬಿಡುತ್ತೇನೆ.”

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಈ ಕತೆ ಹೇಳಿದರು.

ಒಬ್ಬ ಬಾಡಿಗೆ ಕಾರಿನ ಚಾಲಕನಿದ್ದ. ಅವನ ಹೊಸ ಕಾರಿನ ಎಂಜಿನ್ನಿಗೆ ತೆಳುವಾದ ಸಿಂಥೆಟಿಕ್ ಎಣ್ಣೆಯನ್ನೇ ಹಾಕಬೇಕಿತ್ತು. ಅಂಗಡಿಯಲ್ಲಿ ಅಂಥ ಡಬ್ಬಗಳು ಹಲವಿದ್ದವು. ಎಲ್ಲದರ ಮೇಲೂ, ಎಷ್ಟು ತೆಳುವೆಂದು ತಿಳಿಸುವ ಒಂದೇ ಗ್ರೇಡ್ ಬರೆದಿತ್ತು. ಕೈಗೆ ಸಿಕ್ಕಿದ್ದನ್ನು ತಂದು ಹಾಕಿದ. ಚಳಿಗಾಲವೆಲ್ಲ ಕಾರು ಸದ್ದಿಲ್ಲದೆ ಓಡಿತು.

ಬೇಸಿಗೆ ಬಂತು. ಒಂದು ಮಧ್ಯಾಹ್ನ ಹೆರಿಗೆ ನೋವು ತಿನ್ನುತ್ತಿದ್ದ ಹೆಂಗಸನ್ನೂ ಅವಳ ತಾಯಿಯನ್ನೂ ಕೂರಿಸಿಕೊಂಡು ಜಿಲ್ಲಾ ಆಸ್ಪತ್ರೆಗೆ ಹೊರಟ. ಅರ್ಧ ದಾರಿಯಲ್ಲಿ ಎಣ್ಣೆಯ ಎಚ್ಚರಿಕೆಯ ಕೆಂಪು ದೀಪ ಹತ್ತಿತು. ಎಂಜಿನ್ ಕಟಕಟ ಎನ್ನತೊಡಗಿತು. ನಿಲ್ಲಿಸದೆ ಗತಿಯಿರಲಿಲ್ಲ. ಅವನು ರಸ್ತೆಗೆ ಅಡ್ಡ ನಿಂತು ಒಂದು ಟೆಂಪೋ ತಡೆದು, ಕೈಮುಗಿದು, ಅವರನ್ನು ಹತ್ತಿಸಿದ. ತಾಯಿ ಬೈಯಲಿಲ್ಲ. ಅವನ ಮುಖ ನೋಡಿ ಹೋದಳು, ಅಷ್ಟೇ. ಮಗು ಆಸ್ಪತ್ರೆಯಲ್ಲಿ ಸುಖವಾಗಿ ಹುಟ್ಟಿತೆಂದು ತಿಳಿಯುವವರೆಗೆ ಅವನಿಗೆ ಅನ್ನ ಸೇರಲಿಲ್ಲ.

ಕಾರನ್ನು ಎಳೆಸಿಕೊಂಡು ಗ್ಯಾರೇಜಿಗೆ ಹೋದ. “ಈ ನೀರಿನಂಥ ಎಣ್ಣೆಯ ಸಹವಾಸ ಸಾಕು. ಗಟ್ಟಿಯಾದದ್ದನ್ನು ಹಾಕಿ” ಎಂದ.

ಮೆಕ್ಯಾನಿಕ್ ಎಂಜಿನ್ ಬಿಚ್ಚಿ ನೋಡಿದ. “ಗಟ್ಟಿ ಎಣ್ಣೆ ಇದರ ಸಣ್ಣ ದಾರಿಗಳಲ್ಲಿ ಬೇಗ ಹರಿಯೋದಿಲ್ಲ ಅಣ್ಣಾ, ಎಂಜಿನ್ ಸವೆಯುತ್ತೆ. ತೆಳುವಾಗಿದ್ದದ್ದು ತಪ್ಪಲ್ಲ. ಡಬ್ಬದಲ್ಲಿ ಬಹುಪಾಲು ಇರೋದು ಮೂಲ ಎಣ್ಣೆ. ಎಂಜಿನ್ ಕಾಯೋ ಮಿಕ್ಕ ಮದ್ದುಗಳನ್ನೆಲ್ಲ ಅದಕ್ಕೇ ಬೆರೆಸೋದು. ನೀವು ಹಾಕಿದ್ದರಲ್ಲಿ ಆ ಮೂಲವೇ ಕೀಳು. ಬಿಸಿಗೆ ಬಹಳಷ್ಟು ಆವಿಯಾಗಿ ಹೋಗಿದೆ. ಉಳಿದದ್ದು ರಾಡಿ.”

“ಚಳಿಗಾಲದಲ್ಲಿ ಚೆನ್ನಾಗಿಯೇ ಇತ್ತಲ್ಲ?”

“ತಣ್ಣಗಿರುವಾಗ ಎಲ್ಲವೂ ಚೆನ್ನಾಗಿಯೇ ಇರುತ್ತೆ.”

ಚಾಲಕ ರಿಪೇರಿಯಾದ ಮೇಲೆ ತೆಳು ಎಣ್ಣೆಯನ್ನೇ ಹಾಕಿಸಿದ. ಈ ಸಲ ಅದರ ಮೂಲವನ್ನು ವಿಚಾರಿಸಿ ತಂದಿದ್ದ. ಬಾಣಂತಿ ಇನ್ನೂ ಆಸ್ಪತ್ರೆಯಲ್ಲೇ ಇದ್ದಳು. ತಾನಾಗಿ ಹೋಗಿ, “ಮನೆಗೆ ನಾನೇ ಬಿಡ್ತೀನಮ್ಮ” ಎಂದ. ತಾಯಿ ಅವನ ಮುಖ ನೋಡಿದಳು. ಆಮೇಲೆ “ನಡಿಯಪ್ಪ” ಎಂದು ಮಗುವನ್ನು ಎತ್ತಿಕೊಂಡಳು. ಅದೇ ದಾರಿ, ಅಂದಿಗಿಂತ ಹೆಚ್ಚು ಬಿಸಿಲು. ಅವನ ಕಣ್ಣು ಹೋಗಿ ಹೋಗಿ ದೀಪದ ಮೇಲೆಯೇ ನಿಲ್ಲುತ್ತಿತ್ತು. ಅದು ಹತ್ತಲಿಲ್ಲ. ಮನೆ ಬಾಗಿಲಲ್ಲಿ ಇಳಿಯುವಾಗಲೂ ಮಗು ನಿದ್ದೆಯಲ್ಲೇ ಇತ್ತು.

ಕತೆ ಮುಗಿಯಿತು. ಮರುಳಯ್ಯನ ಮುಖ ಅರಳಿತು. “ಹಾಗಾದರೆ ನಾನು ಮೆತ್ತಗಿದ್ದದ್ದು ತಪ್ಪಲ್ಲ” ಎಂದ.

ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟರು.

“ತಪ್ಪಲ್ಲ ಮಗೂ, ಆದರೆ ಅದರ ಮೂಲ ಆ ಮುದುಕರ ಮೇಲಿನ ಪ್ರೀತಿಯೋ, ಒಳ್ಳೆಯವನೆನಿಸಿಕೊಳ್ಳುವ ಆಸೆಯೋ?”