ಸಕ್ಕರೆ ಗಿಳಿ

"ದನಿ ನನ್ನದು, ಖರ್ಚು ನನ್ನದು. ಹಾಡಿನಿಂದ ಬರುವುದರಲ್ಲಿ ಇನ್ನೊಬ್ಬರಿಗೆ ಪಾಲು ಯಾಕೆ ಕೊಡಬೇಕು ಮೇಷ್ಟ್ರೇ?"

ವಾರಿಜಾ ಹೀಗೆ ಕೇಳಿದ್ದು ತನ್ನ ಸಂಗೀತದ ಗುರು ಅನಂತಯ್ಯನವರನ್ನು. ಅವಳ ಮೊದಲ ಹಾಡಿನ ರೆಕಾರ್ಡಿಂಗ್ ಆಗಷ್ಟೇ ಮುಗಿದಿತ್ತು. ಹಾಡು ತಿಪಟೂರಿನ ಅಂಬುಜಮ್ಮನವರದು. ಮಾತು, ಧಾಟಿ ಎರಡೂ ಅವರವೇ. ಅಂಬುಜಮ್ಮನವರ ಒಪ್ಪಿಗೆ ಪತ್ರ ಬೇಕು, ಆದಾಯದಲ್ಲಿ ಅವರಿಗೆ ಪಾಲು ಹೋಗಬೇಕು, ಇಲ್ಲದಿದ್ದರೆ ಹಾಡು ಹೊರಗೆ ಬರುವುದಿಲ್ಲ ಎಂದು ಹಾಡನ್ನು ಬಿಡುಗಡೆ ಮಾಡುವ ಕಂಪನಿಯವರು ಪಟ್ಟು ಹಿಡಿದಿದ್ದರು.

"ಹಾಡಿನ ಕೆಳಗೆ ಅವರ ಹೆಸರು ಹಾಕಿ, ಪಾದಕ್ಕೆ ನಮಸ್ಕಾರ ಎಂದೂ ಬರೆದಿದ್ದೇನೆ. ನಾನು ಹಾಡಿದರೆ ಅವರ ಹಾಡೇನು ಸವೆದುಹೋಗುತ್ತದೆಯೇ? ಅವರಂತೂ ಹಾಡು ಕಟ್ಟುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು. ಈಗ ರವಿಕೆ ಹೊಲಿದು ಜೀವನ ಮಾಡುತ್ತಿದ್ದಾರೆ. ಅವರನ್ನು ಮತ್ತೆ ಜನರ ನೆನಪಿಗೆ ತರುತ್ತಿರುವವಳೇ ನಾನು."

ಅನಂತಯ್ಯ ಶ್ರುತಿಪೆಟ್ಟಿಗೆ ನಿಲ್ಲಿಸಿದರು. "ನಿನ್ನ ದನಿ ಚೆನ್ನಾಗಿದೆ. ಅದರಲ್ಲಿ ನನಗೆ ಅನುಮಾನವಿಲ್ಲ. ಒಬ್ಬ ವ್ಯಾಪಾರಿಯ ಪಾಕವೂ ಇಷ್ಟೇ ಚೆನ್ನಾಗಿತ್ತು. ಕೇಳು" ಎಂದು ಕತೆ ತೆಗೆದರು.

ಒಂದು ಊರಿನಲ್ಲಿ ಒಬ್ಬ ಮಿಠಾಯಿ ವ್ಯಾಪಾರಿ ಇದ್ದ. ಸಂಕ್ರಾಂತಿಗೆ ಸಕ್ಕರೆ ಗೊಂಬೆ ಮಾಡಿ ಮಾರುತ್ತಿದ್ದ. ಅದೇ ಊರಿನಲ್ಲಿ ಒಬ್ಬ ಬಡಗಿಯೂ ಇದ್ದ. ಪಾಕ ಎರೆಯುವ ಮರದ ಅಚ್ಚುಗಳನ್ನು ಕೆತ್ತುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಒಂದು ವರ್ಷ ಅವನು ಗಿಳಿಯ ಅಚ್ಚು ಕೆತ್ತಿದ. ರೆಕ್ಕೆಯ ಒಂದೊಂದು ಗರಿಯೂ ಎದ್ದು ಕಾಣುತ್ತಿತ್ತು. ಆ ಊರಿನಲ್ಲಿ ಒಂದು ವಾಡಿಕೆ. ಅಚ್ಚನ್ನು ಯಾರು ಬೇಕಾದರೂ ಕೇಳಿ ಒಯ್ಯಬಹುದು, ಆದರೆ ಖಾಲಿ ಮರಳಿಸುವಂತಿಲ್ಲ. ಎರೆದದ್ದರಲ್ಲಿ ಒಂದು ಪಾಲು, ಮಾರಿದರೆ ಮಾರಿದ್ದರಲ್ಲಿ ಒಂದು ಪಾಲು, ಬಡಗಿಯ ಮನೆ ಸೇರಬೇಕು.

ವ್ಯಾಪಾರಿ ಗಿಳಿಯ ಅಚ್ಚನ್ನು ಕೇಳಿ ಒಯ್ದ. ಹಬ್ಬದಲ್ಲಿ ಅವನ ಅಂಗಡಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಎಳ್ಳು ಬೀರುವ ತಟ್ಟೆಗಳಲ್ಲೆಲ್ಲ ಅವನ ಗಿಳಿಯೇ. ಹಬ್ಬ ಮುಗಿದ ಮೇಲೆ ಕೂತು ಯೋಚಿಸಿದ. ಸಕ್ಕರೆ ನನ್ನದು, ಹಾಲು ನನ್ನದು, ಒಲೆ ನನ್ನದು, ಸೌಟು ತಿರುವಿ ತಿರುವಿ ನೋಯುತ್ತಿರುವ ರಟ್ಟೆಯೂ ನನ್ನದು. ಅಚ್ಚು ಬಂದ ಹಾಗೆಯೇ ಹೋಗುತ್ತಿದೆ, ಒಂದು ಚೂರೂ ಸವೆದಿಲ್ಲ. ಮತ್ತೆ ಪಾಲು ಯಾತಕ್ಕೆ?

ಪುಣ್ಯಾತ್ಮ ಕೆಟ್ಟವನೇನಲ್ಲ. ಬಡಗಿಯ ಮೇಲೆ ಅವನಿಗೆ ನಿಜವಾಗಿ ಗೌರವವಿತ್ತು. ಅಂಗಡಿಯ ಮುಂದೆ ಜನ ಸೇರಿಸಿ, ಅವನನ್ನು ಕುರ್ಚಿಯಲ್ಲಿ ಕೂರಿಸಿ, ಮಾರುದ್ದದ ಹಾರ ಹಾಕಿ, ಎಲ್ಲರೆದುರು ಅಡ್ಡಬಿದ್ದ. "ಈ ಗಿಳಿ ಇವರದು!" ಎಂದು ಕೂಗಿ ಹೇಳಿದ. ಜನ ಚಪ್ಪಾಳೆ ತಟ್ಟಿದರು. ವ್ಯಾಪಾರಿ ತೊಳೆದುಕೊಟ್ಟ ಖಾಲಿ ಅಚ್ಚನ್ನು ಕಂಕುಳಲ್ಲಿಟ್ಟುಕೊಂಡು ಬಡಗಿ ಮನೆಗೆ ಬಂದ. ಅವನ ಹೆಂಡತಿ ಹಾರವನ್ನು ಕೈಗೆ ತೆಗೆದುಕೊಂಡು, "ಇದನ್ನೇ ಸಾರು ಮಾಡಲೇನು?" ಎಂದು ಕೇಳಿದಳು.

ಮರುವರ್ಷ ಹಬ್ಬ ಹತ್ತಿರವಾಯಿತು. ಜನಕ್ಕೆ ಹೊಸದು ಬೇಕಿತ್ತು. "ಹೋದ ವರ್ಷದ ಗಿಳಿ ನಮ್ಮ ಮನೆಯಲ್ಲಿ ಇನ್ನೂ ಕೂತಿದೆ" ಎಂದು ಗಿರಾಕಿಗಳು ನಗುತ್ತಿದ್ದರು. ವ್ಯಾಪಾರಿ ಹಬ್ಬವನ್ನೇ ನೆಚ್ಚಿಕೊಂಡು ಮೂಟೆಗಟ್ಟಲೆ ಸಕ್ಕರೆ ತರಿಸಿಟ್ಟಿದ್ದ. ಎದ್ದೆನೋ ಬಿದ್ದೆನೋ ಎಂದು ಬಡಗಿಯ ಮನೆಗೆ ಓಡಿದ. ಬಡಗಿ ಮಂಚಕ್ಕೆ ಕಾಲು ಕೂಡಿಸುತ್ತಿದ್ದ. ಅಚ್ಚು ಕೆತ್ತುವ ಸಣ್ಣ ಉಳಿಗಳು ಮೂಲೆಯಲ್ಲಿ ತುಕ್ಕು ಹಿಡಿದು ಬಿದ್ದಿದ್ದವು.

"ಈ ಸಲ ಹೊಸ ಅಚ್ಚು ಕೆತ್ತಲಿಲ್ಲವೇ?"

"ಇಲ್ಲ ಯಜಮಾನರೇ. ಮಂಚ ಮಾಡಿದರೆ ಯಾರೂ ಹಾರ ಹಾಕುವುದಿಲ್ಲ, ಕೂಲಿ ಕೊಡುತ್ತಾರೆ."

"ಅಯ್ಯೋ, ನಿನ್ನನ್ನು ದೇವರ ಹಾಗೆ ಕಂಡೆನಲ್ಲಯ್ಯಾ!"

"ದೇವರಿಗಾದರೆ ಮೊದಲು ನೈವೇದ್ಯ ಇಟ್ಟು ಆಮೇಲೆ ನೀವು ಉಣ್ಣುತ್ತೀರಿ" ಎಂದ ಬಡಗಿ.

ವ್ಯಾಪಾರಿ ಬರಿಗೈಯಲ್ಲಿ ಮರಳಿದ. ಆ ವರ್ಷವೂ ಅವನ ಪಾಕ ಹದವಾಗಿಯೇ ಬಂತು. ಎರೆಯುವುದಕ್ಕೆ ಹೊಸ ಅಚ್ಚಿರಲಿಲ್ಲ. ಬಾಣಲೆಯಲ್ಲೇ ಗಟ್ಟಿಯಾದ ಸಕ್ಕರೆಯನ್ನು ಒಡೆದು ಮಾರಲು ಕೂತ. ಗಿರಾಕಿಯೊಬ್ಬಳು ಬಗ್ಗಿ ನೋಡಿ, "ಸಕ್ಕರೆ ನಮ್ಮ ಮನೆಯಲ್ಲೂ ಇದೆ" ಎಂದು ಮುಂದೆ ಹೋದಳು.

ಅನಂತಯ್ಯ ಕತೆ ಮುಗಿಸಿದರು. ವಾರಿಜಾ ಸೋಲಲಿಲ್ಲ.

"ಹಾಗಾದರೆ ಇನ್ನೊಬ್ಬರ ಹಾಡನ್ನು ಹಾಡಲೇಬಾರದು ಎನ್ನುತ್ತೀರಾ?"

"ಧಾರಾಳವಾಗಿ ಹಾಡು. ಅಚ್ಚು ಕೆತ್ತುವುದೇ ನಾಲ್ಕು ಜನ ಎರೆಯಲಿ ಎಂದು. ಕೇಳಿ ತೆಗೆದುಕೊ, ಖಾಲಿ ಮರಳಿಸಬೇಡ. ಅಷ್ಟೇ."

"ಅದು ಬಡಗಿಯ ಮಾತಾಯಿತು ಮೇಷ್ಟ್ರೇ. ಹಾಡು ಕಟ್ಟುವವರು ಪಾಲು ಬರಲಿಲ್ಲವೆಂದು ಹಾಡು ಕಟ್ಟುವುದನ್ನು ಬಿಡುತ್ತಾರೆಯೇ?"

ಅನಂತಯ್ಯ ಅವಳ ಮುಖವನ್ನೇ ನೋಡುತ್ತ ಕೇಳಿದರು: "ಅಂಬುಜಮ್ಮ ಈಗ ಏನು ಮಾಡಿಕೊಂಡಿದ್ದಾರೆ ಎಂದೆ?"