ಸಂದಿಯಿಲ್ಲದ ಒಲೆ

ಕೆಂಚವ್ವ ಹೊಸ ಒಲೆ ಹಾಕಲು ಮಣ್ಣು ಕಲಸುತ್ತಿದ್ದಾಗ ನೀರಿನ ಗಡಿಗೆ ಬಾಯಿಬಿಟ್ಟಿತು: "ತಾಯಿ, ಈ ಸಲ ಒಲೆಯ ಬಾಯಿಗೆ ಆ ಮೂರು ಮಣ್ಣಿನ ಗುಂಡು ಇಡಬೇಡ. ಅವು ನನ್ನನ್ನು ಎತ್ತಿ ಹಿಡಿಯುತ್ತವೆ, ಉರಿ ಸಂದಿಯಲ್ಲಿ ನುಸುಳಿ ಹೊರಗೆ ಹೋಗುತ್ತದೆ. ನನ್ನ ಉರಿ ನನ್ನ ಅಡಿಯಲ್ಲೇ ಇರಲಿ."

ಸೌದೆಯಾದರೂ ಉಳಿಯುತ್ತದೆಂದು ಕೆಂಚವ್ವ ಒಪ್ಪಿದಳು. ಒಲೆ ಒಣಗಿದ ಮೇಲೆ ಗಡಿಗೆ ಅದರ ಬಾಯಿಗೆ ಬಿಗಿಯಾಗಿ ಕೂತಿತು. ಒಳಗೆ ಬಾಣಂತಿ ಮಗಳು ಬಿಸಿನೀರಿಗೆ ಕಾಯುತ್ತಿದ್ದಳು. ಉರಿ ಒಮ್ಮೆ ಎದ್ದು, ಕೆಮ್ಮಿ, ಮಲಗಿತು. ಮನೆಯೆಲ್ಲ ಹೊಗೆ ತುಂಬಿ ಕೂಸು ಅಳತೊಡಗಿತು. ನೀರು ಮಾತ್ರ ತಣ್ಣಗೇ ಇತ್ತು.

"ಇಷ್ಟು ಹತ್ತಿರ ಇಟ್ಟುಕೊಂಡರೂ ಯಾಕೆ ಸಾಯುತ್ತಿದ್ದೀಯ?" ಗಡಿಗೆ ಗಾಬರಿಯಿಂದ ಕೇಳಿತು.

"ಅಕ್ಕ, ಆ ಸಂದಿಯಲ್ಲಿ ನಾನು ಓಡಿಹೋಗುತ್ತಿರಲಿಲ್ಲ. ಉಸಿರಾಡುತ್ತಿದ್ದೆ," ಎಂದಿತು ನಂದುತ್ತಿದ್ದ ಉರಿ.

ಗಡಿಗೆ ತಾನೇ ಕೆಂಚವ್ವನನ್ನು ಕೂಗಿ ಮೂರು ಗುಂಡುಗಳನ್ನೂ ಇಡಿಸಿಕೊಂಡಿತು. ಸಂದಿಯಿಂದ ಹೊರಬಂದ ಉರಿ ಎಲ್ಲಿಗೂ ಹೋಗಲಿಲ್ಲ. ಗಡಿಗೆಯ ಕೊರಳವರೆಗೂ ಏರಿ ಅದನ್ನು ತಬ್ಬಿಕೊಂಡಿತು.